ಮನೆಯ ಸಂಗೀತ ಸಾಧನಗಳು: ವಿದ್ಯುತ್ ಜೋಡಣೆ, ಭೂಸಂಪರ್ಕ ಮತ್ತು ಕವಚ

ಕುಂದಗೋಳದ ಸವಾಯಿ ಗಂಧರ್ವರ ಸ್ಮರಣಾರ್ಥ ಅವರ ಶಿಷ್ಯರಾದ ಪಂಡಿತ ಭೀಮಸೇನ ಜೋಶಿ ಮುಂತಾದವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವವು ಕನ್ನಡ ನೆಲದ ಗಾಯನಕ್ಕೂ ಆ ನಗರಕ್ಕೂ ಇರುವ ನಂಟನ್ನು ಗಟ್ಟಿಗೊಳಿಸಿತು. ನಗರದ ಪಶ್ಚಿಮಕ್ಕಿರುವ ಕೋಥರೂಡ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ಇಂದು ಬಹುಮಹಡಿ ವಸತಿಗಳಿಂದ ತುಂಬಿದ ಬಡಾವಣೆ. ಅಲ್ಲಿ ಮೂರನೆಯ ಮಹಡಿಯಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಹಿರಿಯರು ಧಾರವಾಡದಿಂದ ತಂದ ಹಳೆಯ ಎಲ್‌ಪಿ ತಟ್ಟೆಗಳಿವೆ. ಮಗನು ಹೊಸ ವರ್ಧಕವನ್ನೂ ಎರಡು ಧ್ವನಿಪೆಟ್ಟಿಗೆಗಳನ್ನೂ ಕೊಂಡು ತಂದಿದ್ದಾನೆ. ಆದರೆ ಮುಳ್ಳನ್ನು ತಟ್ಟೆಯ ಮೇಲಿಳಿಸುವ ಮುನ್ನವೇ ಪೆಟ್ಟಿಗೆಗಳಿಂದ ‘ಗುಂಯ್’ ಎಂಬ ಎಡೆಬಿಡದ ನಾದ ಹೊರಡುತ್ತದೆ.

ಈ ನಾದ ಎಲ್ಲಿಂದ ಬಂದಿತು? ನಮ್ಮ ದೇಶದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತು 230 ವೋಲ್ಟಿನದು; ಅದು ಸೆಕೆಂಡಿಗೆ 50 ಬಾರಿ ತನ್ನ ಆವರ್ತವನ್ನು ಪೂರೈಸುತ್ತದೆ. ಆದ್ದರಿಂದ ಅದರಿಂದ ಹುಟ್ಟುವ ಸದ್ದು 50 ಹರ್ಟ್ಸ್‌ನಲ್ಲಿ ಅಥವಾ ಅದರ ಇಮ್ಮಡಿಯಾದ 100 ಹರ್ಟ್ಸ್‌ನಲ್ಲಿ ಕೇಳಿಸುತ್ತದೆ. ಸಂಗೀತಪ್ರಿಯರಿಗೆ ಇದು ಏಕೆ ಅಷ್ಟು ಅಸಹನೀಯವೆಂಬುದಕ್ಕೆ ಸರಳವಾದ ಲೆಕ್ಕವಿದೆ. ಗಾಯಕರು ‘ಕರಿ ಒಂದು’ ಶ್ರುತಿಯನ್ನು ಇಟ್ಟುಕೊಂಡರೆ ಷಡ್ಜವು ಸುಮಾರು 139 ಹರ್ಟ್ಸ್. ತಂಬೂರಿಯ ಮಂದ್ರ ಪಂಚಮದ ತಂತಿಯು ಅದರ ಮುಕ್ಕಾಲು ಭಾಗ, ಅಂದರೆ ಸುಮಾರು 104 ಹರ್ಟ್ಸ್. 100 ಹರ್ಟ್ಸ್‌ನ ಗುಂಯ್‌ಕಾರವು ಅದರ ಪಕ್ಕದಲ್ಲಿಯೇ ನಿಂತು, ಸೆಕೆಂಡಿಗೆ ನಾಲ್ಕು ಬಾರಿ ಅಲುಗುವ ಅಪಶ್ರುತಿಯನ್ನು ಉಂಟುಮಾಡುತ್ತದೆ. ಶ್ರುತಿ ಕೂಡದ ಎರಡನೆಯ ತಂಬೂರಿಯೊಂದನ್ನು ಯಾರೋ ಬಿಡದೆ ಮೀಟುತ್ತಿರುವಂತೆ ಭಾಸವಾಗುತ್ತದೆ.

ತಟ್ಟೆಯಾಟದ ಯಂತ್ರದಲ್ಲಿ ಈ ತೊಂದರೆ ಹೆಚ್ಚು. ಸಿ.ಡಿ. ಯಂತ್ರವು ಸುಮಾರು 2 ವೋಲ್ಟಿನ ಸಂಕೇತವನ್ನು ಕೊಟ್ಟರೆ, ಚಲಿಸುವ ಅಯಸ್ಕಾಂತವುಳ್ಳ ಸಾಮಾನ್ಯ ಮುಳ್ಳು ಕೊಡುವುದು ಸುಮಾರು 5 ಮಿಲಿವೋಲ್ಟ್ ಮಾತ್ರ. ಅದನ್ನು ಮೊದಲು ನೂರು ಪಟ್ಟು ಹಿಗ್ಗಿಸಬೇಕು. ಅಲ್ಲದೆ ತಟ್ಟೆಯನ್ನು ಕೆತ್ತುವಾಗ ಮಂದ್ರ ಧ್ವನಿಗಳನ್ನು ತಗ್ಗಿಸಿರುತ್ತಾರೆ. ನುಡಿಸುವಾಗ ಅವುಗಳನ್ನು ಮತ್ತೆ ಏರಿಸಬೇಕಾಗುತ್ತದೆ. 50 ಹರ್ಟ್ಸ್‌ನಲ್ಲಿ ಈ ಏರಿಕೆ ಇನ್ನೂ ಏಳು ಪಟ್ಟು. ಹೀಗೆ ತಂತಿಯೊಳಗೆ ನುಸುಳಿದ ಅತ್ಯಲ್ಪ ಗದ್ದಲವೂ ಸುಮಾರು ಏಳುನೂರು ಪಟ್ಟು ಬೆಳೆದು ಮುಂದಿನ ಹಂತಕ್ಕೆ ಹೋಗುತ್ತದೆ.

ಇಂತಹ ಸಂದರ್ಭದಲ್ಲಿ ಅರೆತಿಳಿವಿನವರು ಸೂಚಿಸುವ ಚಿಕಿತ್ಸೆಯೊಂದಿದೆ: ವರ್ಧಕದ ಪ್ಲಗ್ಗಿನ ಮೇಲ್ಭಾಗದಲ್ಲಿರುವ ದಪ್ಪನೆಯ ಕಡ್ಡಿಯಿಂದ ಹಸಿರು ತಂತಿಯನ್ನು ಬಿಚ್ಚಿಬಿಡುವುದು. ಅನೇಕ ವೇಳೆ ಸದ್ದು ಕೂಡಲೇ ನಿಂತೂಬಿಡುತ್ತದೆ. ಅದರಿಂದಲೇ ಈ ಚಿಕಿತ್ಸೆಗೆ ಇಷ್ಟು ಪ್ರಚಾರ. ಅದರಲ್ಲಿಯೇ ಪ್ರಾಣಾಪಾಯವೂ ಅಡಗಿದೆ.

ಆ ಹಸಿರು ತಂತಿಯು ಭೂಸಂಪರ್ಕದ ತಂತಿ. ಅದು ಸಂಗೀತಕ್ಕಾಗಿ ಇರುವುದಲ್ಲ, ಮುಟ್ಟುವವರ ರಕ್ಷಣೆಗಾಗಿ ಇರುವುದು. ವರ್ಧಕದೊಳಗೆ ಅವಾಹಕ ಹೊದಿಕೆ ಸವೆದು ವಿದ್ಯುತ್ ತಂತಿಯು ಲೋಹದ ಹೊರಮೈಗೆ ತಗುಲಿದರೆ, ಪ್ರವಾಹವು ಈ ತಂತಿಯ ಮೂಲಕ ಹರಿದು ರಕ್ಷಣಾ ಸಾಧನವನ್ನು ಕಡಿತಗೊಳಿಸಬೇಕು. ತಂತಿಯೇ ಇಲ್ಲದಿದ್ದರೆ ಹೊರಮೈ 230 ವೋಲ್ಟಿನಲ್ಲಿ ಮೌನವಾಗಿ ನಿಂತಿರುತ್ತದೆ. ಸಂಕೇತ ತಂತಿಗಳ ಕವಚಗಳು ಎಲ್ಲ ಯಂತ್ರಗಳ ಹೊರಮೈಯನ್ನು ಒಂದಕ್ಕೊಂದು ಬೆಸೆದಿರುವುದರಿಂದ, ದೋಷ ವರ್ಧಕದಲ್ಲಿದ್ದರೂ ಆಘಾತವು ತಟ್ಟೆಯಾಟದ ಯಂತ್ರದ ಲೋಹದ ತೋಳನ್ನು ಎತ್ತಿದವರಿಗೆ ತಗುಲಬಹುದು. ಒದ್ದೆ ಕೈಯ ಮನುಷ್ಯದೇಹದ ರೋಧವನ್ನು 1000 ಓಮ್ ಎಂದೆಣಿಸಿದರೆ ಹರಿಯುವ ಪ್ರವಾಹ 230 ಮಿಲಿ ಆಂಪಿಯರ್. 30 ಮಿಲಿ ಆಂಪಿಯರನ್ನು ಮೀರಿದ ಪ್ರವಾಹವು ಕೆಲಕಾಲ ಹರಿದರೆ ಹೃದಯದ ಲಯವೇ ತಪ್ಪುವ ಸಂಭವವಿದೆ.

ಪುಣೆಯಂತಹ ಊರಿನಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಆ ನಗರ ನಿಂತಿರುವುದು ದಖ್ಖನ್ ಪ್ರಸ್ಥಭೂಮಿಯ ಕಪ್ಪು ಶಿಲೆಯ ಮೇಲೆ. ಮಣ್ಣಿನ ಪದರ ತೆಳುವಾಗಿದ್ದೆಡೆ ಉತ್ತಮ ಭೂಸಂಪರ್ಕ ದೊರೆಯುವುದು ಕಷ್ಟ. ಏಪ್ರಿಲ್-ಮೇ ತಿಂಗಳುಗಳಲ್ಲಿ ನೆಲ ಒಣಗಿದಾಗ ಇನ್ನೂ ಕಷ್ಟ. ಭೂಸಂಪರ್ಕದ ಗುಂಡಿಯ ರೋಧ 5 ಓಮ್ ಇದ್ದು, ದೋಷದ ಪ್ರವಾಹಕ್ಕೆ ಅದೊಂದೇ ದಾರಿಯಾಗಿದ್ದರೆ, ಹರಿಯುವುದು 46 ಆಂಪಿಯರ್ ಮಾತ್ರ. ‘ಸಿ’ ವರ್ಗದ 16 ಆಂಪಿಯರ್ ಎಂಸಿಬಿಯು ಕ್ಷಣದಲ್ಲಿ ಕಡಿತಗೊಳ್ಳಲು ಅದರ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಬೇಕು. ಆದುದರಿಂದ 30 ಮಿಲಿ ಆಂಪಿಯರ್ ಸೋರಿಕೆಗೇ ಸಂಪರ್ಕವನ್ನು ಕಡಿಯುವ ಆರ್‌ಸಿಸಿಬಿ ಸಾಧನವು ಮನೆಯಲ್ಲಿ ಇರಲೇಬೇಕು. ಅದು ಇದೆಯೆಂದು ಹಸಿರು ತಂತಿಯನ್ನು ಬಿಚ್ಚುವಂತಿಲ್ಲ. ತಂತಿ ಇದ್ದರೆ ದೋಷ ಹುಟ್ಟಿದಾಗಲೇ ಆ ಸಾಧನ ಎಚ್ಚರಗೊಳ್ಳುತ್ತದೆ. ಇಲ್ಲದಿದ್ದರೆ ಮನೆಯವರಲ್ಲೊಬ್ಬರು ಮುಟ್ಟುವವರೆಗೆ ಕಾಯುತ್ತದೆ.

ಹಾಗಾದರೆ ಸದ್ದನ್ನು ನಿಲ್ಲಿಸುವುದು ಹೇಗೆ? ನಮ್ಮ ಕುಟುಂಬದ ತರುಣನು ಮೊದಲು ಯಂತ್ರಗಳ ಹಿಂಬದಿಯನ್ನು ನೋಡಬೇಕು. ತಟ್ಟೆಯಾಟದ ಯಂತ್ರದಿಂದ ಸಂಕೇತ ತಂತಿಗಳ ಜೊತೆಗೆ ಕವಲುತುದಿಯ ಸಣ್ಣ ತಂತಿಯೊಂದು ಹೊರಬಂದಿರುತ್ತದೆ. ಅದನ್ನು ವರ್ಧಕದ ಹಿಂಬದಿಯ ತಿರುಪಿಗೆ ಬಿಗಿಯಬೇಕು. ಎಷ್ಟೋ ಮನೆಗಳಲ್ಲಿ ಇದು ಸುಮ್ಮನೆ ನೇತಾಡುತ್ತಿರುತ್ತದೆ! ಬಿಗಿದೊಡನೆ ತಟ್ಟೆಯ ಗುಂಯ್‌ಕಾರ ಬಹುಮಟ್ಟಿಗೆ ಅಡಗಿತೆನ್ನೋಣ.

ಸಂಜೆ ದೂರದರ್ಶನದ ಧ್ವನಿಯನ್ನು ಅದೇ ವರ್ಧಕದ ಮೂಲಕ ಕೇಳಹೊರಟಾಗ ಅದು ಮರಳಿ ಬರುತ್ತದೆ. ಈ ಬಾರಿ ಕಾರಣ ಬೇರೆ. ಕೇಬಲ್ ಟಿ.ವಿ.ಯ ತಂತಿಯ ಹೊರಕವಚವು ಬೀದಿಯಲ್ಲೋ ಪಕ್ಕದ ಕಟ್ಟಡದಲ್ಲೋ ನೆಲಕ್ಕೆ ಸೇರಿರುತ್ತದೆ. ವರ್ಧಕವು ತನ್ನ ಪ್ಲಗ್ಗಿನ ಮೂಲಕ ಈ ಕಟ್ಟಡದ ನೆಲಕ್ಕೆ ಸೇರಿದೆ. ಎರಡು ನೆಲಗಳ ವಿದ್ಯುನ್ಮಟ್ಟ ಎಂದೂ ಸರಿಸಮವಲ್ಲ. ಅವುಗಳ ನಡುವಣ ಪ್ರವಾಹವು ಸಂಕೇತ ತಂತಿಯ ಕವಚದಲ್ಲಿ ಹರಿದು ಸಂಗೀತದೊಡನೆ ಬೆರೆಯುತ್ತದೆ. ಇದನ್ನು ಭೂಸಂಪರ್ಕದ ಕುಣಿಕೆ ಎನ್ನಬಹುದು. ಹಸಿರು ತಂತಿಯನ್ನು ಬಿಚ್ಚಿದರೆ ಸದ್ದು ನಿಲ್ಲುವುದು ಈ ಕುಣಿಕೆ ಕತ್ತರಿಸಿಹೋಗುವುದರಿಂದಲೇ. ಆದರೆ ಕುಣಿಕೆಯನ್ನು ಕತ್ತರಿಸಬೇಕಾದುದು ಸಂಕೇತದ ದಾರಿಯಲ್ಲಿ, ರಕ್ಷಣೆಯ ದಾರಿಯಲ್ಲಿ ಅಲ್ಲ. ಎಲ್ಲವನ್ನೂ ಆರಿಸಿ, ಕೇಬಲ್ಲಿನ ತಂತಿಯನ್ನು ಕಳಚಿ, ಮತ್ತೆ ಹಚ್ಚಿ ನೋಡಿದರೆ ದೋಷಿ ಯಾರೆಂಬುದು ತಿಳಿಯುತ್ತದೆ. ಆಗ ಆ ತಂತಿಗೆ ಪ್ರತ್ಯೇಕಕವನ್ನು ಹಾಕಬಹುದು, ಸಂಕೇತ ತಂತಿಯಲ್ಲಿ ಧ್ವನಿಗೆಂದೇ ಇರುವ ಚಿಕ್ಕ ಪರಿವರ್ತಕವನ್ನು ಇಡಬಹುದು. ದೂರದರ್ಶನದಲ್ಲಿ ಆಪ್ಟಿಕಲ್ ದ್ವಾರವಿದ್ದರೆ ಅದೇ ಲೇಸು: ಅಲ್ಲಿ ಸಂಕೇತವನ್ನು ಒಯ್ಯುವುದು ಬೆಳಕು, ಅದರಲ್ಲಿ ವಿದ್ಯುತ್ತು ಹರಿಯುವ ಮಾತೇ ಇಲ್ಲ.

ಕವಚದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತಾಮ್ರದ ಹೆಣಿಗೆಯ ಕವಚವು ವಿದ್ಯುತ್ ಕ್ಷೇತ್ರವನ್ನು ಚೆನ್ನಾಗಿ ತಡೆಯುತ್ತದೆ. ಆದರೆ 50 ಹರ್ಟ್ಸ್‌ನ ಕಾಂತಕ್ಷೇತ್ರಕ್ಕೆ ಅದು ತೆರೆದ ಬಾಗಿಲಿದ್ದಂತೆ. ವರ್ಧಕದೊಳಗಿನ ಪರಿವರ್ತಕದಿಂದ ಹೊಮ್ಮುವ ಕಾಂತಕ್ಷೇತ್ರಕ್ಕೆ ದೂರವೇ ಮದ್ದು. ಅಂತರವನ್ನು ಎರಡರಷ್ಟು ಮಾಡಿದರೆ ಕ್ಷೇತ್ರವು ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಜಾಗ ಉಳಿಸಲೆಂದು ತಟ್ಟೆಯಾಟದ ಯಂತ್ರವನ್ನು ವರ್ಧಕದ ನೆತ್ತಿಯ ಮೇಲಿಡುವವರು ಇದನ್ನು ನೆನಪಿಡಬೇಕು. ವಿದ್ಯುತ್ ತಂತಿ ಮತ್ತು ಸಂಕೇತ ತಂತಿಗಳನ್ನು ಒಟ್ಟಿಗೆ ಕಟ್ಟಬಾರದು; ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು.

ಧ್ವನಿಪೆಟ್ಟಿಗೆಯ ತಂತಿಗೆ ಕವಚ ಬೇಡ, ದಪ್ಪ ಸಾಕು. 10 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯ ಹೋಗಿಬರುವ ರೋಧ 0.14 ಓಮ್, 8 ಓಮ್‌ನ ಪೆಟ್ಟಿಗೆಗೆ ಅದು ಗಣನೆಗೆ ಬಾರದು. ಸಾವಿರಾರು ರೂಪಾಯಿಯ ತಂತಿಗಳ ಜಾಹೀರಾತನ್ನು ಕಂಡು ಮರುಳಾಗಬೇಕಾಗಿಲ್ಲ.

ಎಲ್ಲ ಯಂತ್ರಗಳಿಗೂ ವಿದ್ಯುತ್ತನ್ನು ಒಂದೇ ಗೋಡೆ ಸಾಕೆಟ್ಟಿನಿಂದ, ಒಂದೇ ಪಟ್ಟಿಯ ಮೂಲಕ ಪಡೆಯುವುದು ಉತ್ತಮ. ಸಾಧಾರಣ ಮನೆಯ ವ್ಯವಸ್ಥೆಗೆ ಒಟ್ಟಾರೆ 300 ವ್ಯಾಟಿಗಿಂತ ಹೆಚ್ಚು ಬೇಡವಾದ್ದರಿಂದ ಅದಕ್ಕೆ ಹೊರೆಯಾಗದು. ಬೀಸಣಿಗೆಯ ಎಲೆಕ್ಟ್ರಾನಿಕ್ ನಿಯಂತ್ರಕ, ಚೌಕ ಅಲೆಯ ಇನ್ವರ್ಟರ್ ಇವು ಕರಕರ ಸದ್ದನ್ನು ಹುಟ್ಟಿಸುತ್ತವೆ. ಬೀಸಣಿಗೆಯನ್ನು ಆರಿಸಿ ನೋಡಿದರೆ ಕಾರಣ ಗೊತ್ತಾಗುತ್ತದೆ.

ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ರಂಧ್ರಗಳಿದ್ದರೂ ಹಿಂದೆ ಭೂತಂತಿಯೇ ಇಲ್ಲದಿರುವುದುಂಟು. ಇದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅಳೆಯಿಸಬೇಕು; ಬೇಸಿಗೆಯ ಕೊನೆಯಲ್ಲಿ, ನೆಲ ಪೂರ್ತಿ ಒಣಗಿರುವಾಗ ಅಳೆಯಿಸುವುದು ಒಳಿತು. ಗುಂಡಿಯು ಇಡೀ ಕಟ್ಟಡಕ್ಕೆ ಸೇರಿದ್ದರಿಂದ ದುರಸ್ತಿಯನ್ನು ವಸತಿ ಸಂಘದ ಸಭೆಯಲ್ಲಿ ಪ್ರಸ್ತಾಪಿಸಬೇಕಾದೀತು. ಅದು ಸರಿಹೋಗುವವರೆಗೆ ಮೂರು ಕಡ್ಡಿಯ ಪ್ಲಗ್ಗುಳ್ಳ ವರ್ಧಕವನ್ನು ಆ ಸಾಕೆಟ್ಟಿಗೆ ಜೋಡಿಸಬಾರದು.