ವಿಹಾರಕ್ಕಾಗಿ ವಿಮಾನ ನಡೆಸುವವನಿಗೆ ಯಾವ ಪರವಾನಗಿ?

ಜುಹೂ ಕಡಲತೀರದ ಸಮೀಪದಲ್ಲಿರುವ ಚಿಕ್ಕ ವಿಮಾನ ನಿಲ್ದಾಣವನ್ನು ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ಕಂಡಿರುವೆವು. 1932ನೆಯ ಇಸವಿಯ ಅಕ್ಟೋಬರ್ 15ರಂದು ಜೆ. ಆರ್. ಡಿ. ತಾತಾ ಅವರು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಟಪಾಲಿನ ಚೀಲಗಳನ್ನು ಹೊತ್ತು ತಂದು ಇಳಿದುದು ಇಲ್ಲಿಯೇ. ಅದಕ್ಕೆ ಮೂರು ವರ್ಷಗಳ ಹಿಂದೆ, 1929ನೆಯ ಫೆಬ್ರವರಿ 10ರಂದು, ಅವರಿಗೆ ವೈಮಾನಿಕ ಪರವಾನಗಿ ದೊರೆತಿದ್ದಿತು. ಭಾರತದಲ್ಲಿ ಕೊಡಲಾದ ಪರವಾನಗಿಗಳಲ್ಲಿ ಅದರ ಸಂಖ್ಯೆ 1. ಆ ಟಪಾಲು ಯಾನಕ್ಕೆ ಐವತ್ತು ತುಂಬಿದ 1982ರಲ್ಲಿ, 78ನೆಯ ವಯಸ್ಸಿನಲ್ಲಿ, ಅವರು ಅದೇ ಮಾರ್ಗವನ್ನು ಪುಟ್ಟದೊಂದು ವಿಮಾನದಲ್ಲಿ ಮತ್ತೊಮ್ಮೆ ಕ್ರಮಿಸಿದರು. ಹಾರಾಟದ ಮೇಲಿನ ಒಲವಲ್ಲದೆ ಇದಕ್ಕೆ ಬೇರೆ ಕಾರಣವನ್ನು ನಾವು ಕಾಣಲಾರೆವು.

ವಿಮಾನ ನಡೆಸಬೇಕೆಂಬ ಆಸೆಯನ್ನು ಹೇಳಿಕೊಳ್ಳುವ ವಿದ್ಯಾರ್ಥಿಗೆ ಹಿರಿಯರು ಒಡನೆಯೇ ದೊಡ್ಡ ಕಂಪೆನಿಯ ನೌಕರಿ, ಸಂಬಳ, ತರಬೇತಿಯ ಲಕ್ಷಗಟ್ಟಲೆ ವೆಚ್ಚ ಇವುಗಳ ಮಾತನ್ನೇ ಆಡುವರು. ಸಂಗೀತವನ್ನು ಕಲಿತವರೆಲ್ಲರೂ ಕಛೇರಿ ಮಾಡಲೇಬೇಕೆಂಬ ನಿಯಮವುಂಟೇ? ಕೂಲಿಯನ್ನು ಬಯಸದೆ ಸಂತೋಷಕ್ಕಾಗಿ ಹಾರುವವರಿಗೂ ಕಾನೂನು ಬೇರೆಯ ಪರವಾನಗಿಯನ್ನು ಇಟ್ಟಿದೆ. ಅದು ಒಂದೇ ಬಗೆಯದಾಗಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ. ಹಲವು ಬಗೆಗಳಿರುವಲ್ಲಿ ಆಯ್ಕೆಯ ತೊಡಕು ಹುಟ್ಟುತ್ತದೆ.

ನಮ್ಮ ದೇಶದಲ್ಲಿ ಸಾಮಾನ್ಯ ವಿಮಾನಕ್ಕೆ ಈ ತೊಡಕು ಕಡಿಮೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವನು 16 ವರ್ಷಕ್ಕೆ ವಿದ್ಯಾರ್ಥಿ ವೈಮಾನಿಕನಾಗಬಹುದು. 17 ತುಂಬಿ, ಕನಿಷ್ಠ 40 ಘಂಟೆಗಳ ಹಾರಾಟವನ್ನು ಮುಗಿಸಿ, ಪರೀಕ್ಷೆಗಳಲ್ಲಿ ಗೆದ್ದರೆ ಖಾಸಗಿ ವೈಮಾನಿಕ ಪರವಾನಗಿಯನ್ನು ಪಡೆಯಬಹುದು. ಗ್ಲೈಡರು, ಮೈಕ್ರೋಲೈಟು ಮೊದಲಾದವುಗಳ ಪರವಾನಗಿಗಳು ಬೇರೆ. ಆಯ್ಕೆಯ ಪ್ರಶ್ನೆಯನ್ನು ಚೆನ್ನಾಗಿ ಅರಿಯಬೇಕಾದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನು ನೋಡಬೇಕು. ಅಲ್ಲಿ ಒಂದೇ ಬಗೆಯ ಸಣ್ಣ ವಿಮಾನವನ್ನು ನಡೆಸಲು ಮೂರು ಪರವಾನಗಿಗಳು ಒಂದರ ಪಕ್ಕದಲ್ಲಿ ಒಂದು ನಿಂತಿವೆ: ಕ್ರೀಡಾ ವೈಮಾನಿಕ, ವಿಹಾರ ವೈಮಾನಿಕ, ಖಾಸಗಿ ವೈಮಾನಿಕ. ಮೂರಕ್ಕೂ ಕನಿಷ್ಠ ವಯಸ್ಸು 17.

ಹೆಸರನ್ನು ಕೇಳಿದೊಡನೆ ವಿಹಾರಕ್ಕೆ ವಿಹಾರ ಪರವಾನಗಿಯೇ ತಕ್ಕುದೆಂದು ತೋರುವುದು ಸಹಜ. ಆದರೆ ಮೂರರಲ್ಲಿ ಅತ್ಯಂತ ಕಡಿಮೆ ಜನರು ಹಿಡಿದ ದಾರಿ ಅದೇ. 1989ರಲ್ಲಿ ಅದನ್ನು ತಂದಾಗ, ಖರ್ಚನ್ನು ಇಳಿಸಿ ಹೆಚ್ಚು ಮಂದಿಯನ್ನು ಆಕಾಶಕ್ಕೆ ಕರೆತರಬೇಕೆಂಬುದು ಉದ್ದೇಶವಾಗಿತ್ತು. ಖಾಸಗಿ ಪರವಾನಗಿಗೆ 40 ಘಂಟೆಗಳಾದರೆ ಇದಕ್ಕೆ 30 ಸಾಕು. ಉಳಿದುದು ಹತ್ತು ಘಂಟೆ. ಅದಕ್ಕೆ ಪ್ರತಿಯಾಗಿ ತೊಟ್ಟ ಸಂಕೋಲೆಗಳೆಷ್ಟು! ಜೊತೆಯಲ್ಲಿ ಒಬ್ಬನೇ ಪಯಣಿಗ. ಎಂಜಿನಿನ ಬಲ 180 ಅಶ್ವಶಕ್ತಿಯನ್ನು ಮೀರಕೂಡದು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹಾರಕೂಡದು. ಹೆಚ್ಚಿನ ತರಬೇತಿಯನ್ನು ಪಡೆಯದ ಹೊರತು ಹೊರಟ ನಿಲ್ದಾಣದಿಂದ 50 ನಾವಿಕ ಮೈಲಿಗಳಾಚೆ ಹೋಗಕೂಡದು. ಈ ಅಳತೆಯನ್ನು ನಮ್ಮ ಭೂಪಟದ ಮೇಲೆ ಇಟ್ಟು ನೋಡೋಣ. 50 ನಾವಿಕ ಮೈಲಿಯೆಂದರೆ ಸುಮಾರು 93 ಕಿಲೋಮೀಟರು. ಜುಹೂವಿನಿಂದ ಹೊರಟವನು ಘಟ್ಟವನ್ನು ದಾಟಿಯಾನು. ಪುಣೆಯನ್ನು ಮಾತ್ರ ಮುಟ್ಟಲಾರನು! ಮೇಲಾಗಿ ವೈದ್ಯಕೀಯ ಪರೀಕ್ಷೆಯ ವಿಷಯದಲ್ಲಿ ಖಾಸಗಿ ವೈಮಾನಿಕನಿಗಿಂತ ಇವನಿಗೆ ಯಾವ ರಿಯಾಯಿತಿಯೂ ಇಲ್ಲ. ಬೆಲೆ ಸ್ವಲ್ಪ ಇಳಿದು ಸರಕು ಬಹಳ ಕುಗ್ಗಿದರೆ ಕೊಳ್ಳುವವರು ಯಾರು?

2004ರಲ್ಲಿ ಬಂದ ಕ್ರೀಡಾ ವೈಮಾನಿಕ ಪರವಾನಗಿಯ ಕಥೆ ಬೇರೆ. ಇದಕ್ಕೆ ಕನಿಷ್ಠ 20 ಘಂಟೆಗಳು; ಅವುಗಳಲ್ಲಿ 15 ಶಿಕ್ಷಕನೊಡನೆ, 5 ಒಂಟಿಯಾಗಿ. ಪಯಣಿಗ ಇಲ್ಲಿಯೂ ಒಬ್ಬನೇ. ಸಮುದ್ರಮಟ್ಟದಿಂದ 10,000 ಅಡಿಗಳಿಗೆ ಮೇಲೆ ಸಾಮಾನ್ಯವಾಗಿ ಏರುವಂತಿಲ್ಲ. ದೊಡ್ಡ ನಿಲ್ದಾಣಗಳ ನಿಯಂತ್ರಿತ ವಾಯುಪ್ರದೇಶವನ್ನು ಹೊಗಲು ಶಿಕ್ಷಕನ ಪ್ರತ್ಯೇಕ ದೃಢೀಕರಣ ಬೇಕು. ಬಹುಕಾಲ ಇವರಿಗೆ ಎರಡು ಆಸನಗಳ ತೀರ ಹಗುರವಾದ ವಿಮಾನಗಳು ಮಾತ್ರ ಮೀಸಲಾಗಿದ್ದವು. 2025ರ ಅಕ್ಟೋಬರ್ 22ರಿಂದ ಜಾರಿಗೆ ಬಂದ ನಿಯಮವು ನಾಲ್ಕು ಆಸನಗಳ ಅನೇಕ ವಿಮಾನಗಳನ್ನೂ ಅವರಿಗೆ ತೆರೆದಿಟ್ಟಿತು. ಆಸನಗಳು ನಾಲ್ಕಾದರೂ ಪಯಣಿಗನು ಮಾತ್ರ ಮೊದಲಿನಂತೆ ಒಬ್ಬನೇ! ತಕ್ಕ ತರಬೇತಿಯೂ ವೈದ್ಯಕೀಯ ಅರ್ಹತೆಯೂ ಇದ್ದರೆ ರಾತ್ರಿಯ ಹಾರಾಟಕ್ಕೂ ಅದೇ ನಿಯಮವು ಅವಕಾಶವಿತ್ತಿದೆ.

ಈ ಪರವಾನಗಿಯ ನಿಜವಾದ ಆಕರ್ಷಣೆ ಘಂಟೆಗಳ ಉಳಿತಾಯವಲ್ಲ, ವೈದ್ಯಕೀಯ ನಿಯಮ. ಹಗಲಿನ ಹಾರಾಟಕ್ಕೆ ವಿಮಾನವೈದ್ಯರ ಪ್ರಮಾಣಪತ್ರ ಬೇಕಿಲ್ಲ. ಮೋಟಾರು ನಡೆಸುವ ಲೈಸೆನ್ಸೇ ಸಾಕು. ಇಲ್ಲಿ ಒಂದು ಗುಂಡಿಯಿದೆ, ಅವಸರಪಡುವವರು ಅದರಲ್ಲಿ ಬೀಳುವರು. ವೈದ್ಯಕೀಯ ಪ್ರಮಾಣಪತ್ರಕ್ಕೆ ಎಂದೂ ಅರ್ಜಿ ಹಾಕದವನಿಗೆ ಮೋಟಾರು ಲೈಸೆನ್ಸಿನ ದಾರಿ ತೆರೆದಿರುತ್ತದೆ. ಅರ್ಜಿ ಹಾಕಿ ಅನರ್ಹನೆನಿಸಿಕೊಂಡವನಿಗಾದರೋ, ಆ ತೀರ್ಪು ಬದಲಾಗುವವರೆಗೆ, ಈ ದಾರಿಯೂ ಮುಚ್ಚುತ್ತದೆ. ಹೀಗಾಗಿ ಖಾಸಗಿ ಪರವಾನಗಿಯನ್ನು ಬಯಸಿ ಹೋದವನು ಎರಡನ್ನೂ ಕಳೆದುಕೊಳ್ಳುವ ಸಂಭವವುಂಟು. ಆರೋಗ್ಯದಲ್ಲಿ ಯಾವುದಾದರೂ ಶಂಕೆಯಿರುವವನು ಅರ್ಜಿಯನ್ನು ಬರೆಯುವ ಮುನ್ನವೇ ವಿಷಯವನ್ನು ಬಲ್ಲ ವೈದ್ಯರನ್ನು ಕೇಳಿಕೊಳ್ಳುವುದು ಲೇಸು. ಇದನ್ನು ರೋಗವನ್ನು ಬಚ್ಚಿಡುವ ಉಪಾಯವೆಂದು ಯಾರೂ ತಿಳಿಯಬಾರದು. ತನ್ನ ದೇಹಸ್ಥಿತಿ ಹಾರಾಟಕ್ಕೆ ಅಪಾಯಕರವೆಂದು ಬಲ್ಲವನು ಹಾರಕೂಡದೆಂದು ಅದೇ ಕಾನೂನು ಹೇಳುತ್ತದೆ.

ನಮ್ಮಲ್ಲಿ ಹೆಜ್ಜೆಗಳ ಕ್ರಮ ಇದಕ್ಕೆ ವಿರುದ್ಧ. ಭಾರತದ ಖಾಸಗಿ ವೈಮಾನಿಕನಿಗೆ ವೈದ್ಯಕೀಯ ಪ್ರಮಾಣಪತ್ರ ತಪ್ಪದಾದುದರಿಂದ, ಕ್ಲಬ್ಬಿಗೆ ಶುಲ್ಕವನ್ನು ಕಟ್ಟುವುದಕ್ಕೆ ಮೊದಲೇ ಕಣ್ಣು, ಕಿವಿ, ಹೃದಯಗಳ ಪರೀಕ್ಷೆಯನ್ನು ಮುಗಿಸಿಕೊಳ್ಳುವುದು ಜಾಣತನ. ಬಣ್ಣಗಳ ಭೇದ ಕಾಣದೆಂಬುದನ್ನು ಹಣ ತೆತ್ತ ಮೇಲೆ ಅರಿತವನ ದುಃಖವನ್ನು ನಾವು ಊಹಿಸಬಲ್ಲೆವು.

ಖಾಸಗಿ ಪರವಾನಗಿಯ 40 ಘಂಟೆಗಳನ್ನು ಅಮೆರಿಕದಲ್ಲಿ ಹಂಚಿರುವ ರೀತಿ ಗಮನಾರ್ಹ. ಶಿಕ್ಷಕನೊಡನೆ 20, ಒಂಟಿಯಾಗಿ 10 ಘಂಟೆಗಳಾದರೂ ಆಗಬೇಕು. ಶಿಕ್ಷಕನೊಡನೆ ಹಾರುವವುಗಳಲ್ಲಿ 3 ಘಂಟೆ ರಾತ್ರಿಯವು. ಒಂಟಿಯಾಗಿ ಕೈಕೊಳ್ಳುವ ದೂರದ ಯಾನವೊಂದು 150 ನಾವಿಕ ಮೈಲಿಗಳಷ್ಟಾದರೂ ಇರಬೇಕು. ಕಾಗದದ ಮೇಲೆ 40 ಎಂದಿದ್ದರೂ ಬಹುಮಂದಿ ಪರೀಕ್ಷೆಗೆ ಸಿದ್ಧರಾಗುವ ವೇಳೆಗೆ 60 ದಾಟುವುದೇ ಹೆಚ್ಚು. ಕ್ರೀಡಾ ವೈಮಾನಿಕನಿಗೂ 20 ಎಂಬುದು ಕನಿಷ್ಠವೇ ಹೊರತು ಸಾಮಾನ್ಯವಲ್ಲ. ಕೆಲವರು ಕನಿಷ್ಠ ಸಂಖ್ಯೆಯನ್ನು ಘಂಟೆಯ ದರದಿಂದ ಗುಣಿಸಿ ಖರ್ಚಿನ ಪಟ್ಟಿಯನ್ನು ತಯಾರಿಸುವರು; ಗಣಿತ ಸರಿಯಾಗಿದ್ದರೂ ಲೆಕ್ಕ ತಪ್ಪುತ್ತದೆ.

ಇಷ್ಟು ಪಟ್ಟ ಶ್ರಮಕ್ಕೆ ಫಲವೂ ದೊಡ್ಡದು. ರಾತ್ರಿಯ ಹಾರಾಟವುಂಟು. ವಿಮಾನದಲ್ಲಿ ಸ್ಥಳವಿರುವಷ್ಟು ಪಯಣಿಗರನ್ನು ಕೂಡಿಸಿಕೊಳ್ಳಬಹುದು. ಕೂಲಿಯನ್ನು ಪಡೆಯುವಂತಿಲ್ಲವಾದರೂ ಪೆಟ್ರೋಲಿನ ವೆಚ್ಚವನ್ನು ಅವರೊಡನೆ ಸಮಪಾಲಾಗಿ ಹಂಚಿಕೊಳ್ಳಬಹುದು. ಇನ್ನೊಂದು ಮಾತನ್ನು ನಾವು ವಿಶೇಷವಾಗಿ ಹೇಳಬೇಕು, ಏಕೆಂದರೆ ಅಣ್ಣನೋ ಚಿಕ್ಕಪ್ಪನೋ ಅಮೆರಿಕದಲ್ಲಿರುವ ಮನೆಗಳು ನಮ್ಮ ನಡುವೆ ಕಡಿಮೆಯಿಲ್ಲ. ಖಾಸಗಿ ಪರವಾನಗಿಯು ಅಂತರರಾಷ್ಟ್ರೀಯ ಮಟ್ಟಕ್ಕೆ ಹೊಂದುತ್ತದೆ. ಕ್ರೀಡಾ ಪರವಾನಗಿಯು ಹೊಂದುವುದಿಲ್ಲ. ಅಲ್ಲಿ ಕಲಿತು ಮುಂದೆ ಬೇರೆ ದೇಶದಲ್ಲಿಯೂ ಹಾರುವ ಹಂಬಲವುಳ್ಳವನು ಮೊದಲನೆಯ ದಿನವೇ ಇದನ್ನು ನೆನೆಯಬೇಕು.

ಕ್ರೀಡಾ ಪರವಾನಗಿಯಿಂದ ಆರಂಭಿಸಿ ಖಾಸಗಿಯ ಕಡೆಗೆ ಏರಬಹುದಲ್ಲವೇ ಎಂದು ಕೇಳಬಹುದು. ಏರಬಹುದು. ಕ್ರೀಡಾ ವೈಮಾನಿಕರಿಗೆ ಮಾತ್ರ ಕಲಿಸಲು ಅಧಿಕಾರವಿದ್ದ ಶಿಕ್ಷಕನೊಡನೆ ಹಾರಿದ ಘಂಟೆಗಳು ಹಿಂದೆ ಮೇಲಿನ ಪರವಾನಗಿಯ ಲೆಕ್ಕಕ್ಕೆ ಬರುತ್ತಿರಲಿಲ್ಲ. 2018ರಲ್ಲಿ ಆ ಅನ್ಯಾಯವನ್ನು ತಿದ್ದಲಾಯಿತು. ಆದುದರಿಂದ ಒಬ್ಬ ಗೆಳೆಯನೊಡನೆ ಹಗಲಿನಲ್ಲಿ ಊರಿನ ಮೇಲೆ ಸುತ್ತಿ ಬರುವುದಷ್ಟೇ ಆಸೆಯಾದವನಿಗೆ ಕ್ರೀಡಾ ಪರವಾನಗಿ ಹಿಡಿಸುತ್ತದೆ. ತಂದೆ ತಾಯಿ ಇಬ್ಬರನ್ನೂ ಒಟ್ಟಿಗೆ ಕೂಡಿಸಿಕೊಂಡು ಹಾರಬೇಕೆಂಬುವನಿಗೆ ಅದು ಸಾಲದು. ಅವನು ಖಾಸಗಿಯನ್ನೇ ಹಿಡಿಯಬೇಕು. ವಿಹಾರ ಪರವಾನಗಿಯನ್ನು ಯಾರಿಗಾದರೂ ಸೂಚಿಸಲು ನಮಗೆ ಕಾರಣ ದೊರೆಯಲಿಲ್ಲ.

ಎಂಜಿನಿಲ್ಲದ ಗ್ಲೈಡರನ್ನು ಮರೆತರೆ ತಪ್ಪಾದೀತು. ಅಮೆರಿಕದಲ್ಲಿ 14 ವರ್ಷದ ಬಾಲಕನು ಅದನ್ನು ಒಂಟಿಯಾಗಿ ಹಾರಿಸಬಹುದು, 16ಕ್ಕೆ ಖಾಸಗಿ ಪರವಾನಗಿಯನ್ನೂ ಪಡೆಯಬಹುದು. ವೈದ್ಯಕೀಯ ಪ್ರಮಾಣಪತ್ರದ ಬಂಧನವಿಲ್ಲ. ಇಳಿಯುವಾಗ ತಪ್ಪಿದರೆ ಎಂಜಿನಿನ ಬಲದಿಂದ ಮತ್ತೆ ಏರುವ ಅನುಕೂಲವಿಲ್ಲವಾದುದರಿಂದ, ಎತ್ತರವನ್ನೂ ಗಾಳಿಯನ್ನೂ ಅಳೆಯುವ ಕಣ್ಣು ಅಲ್ಲಿ ಬೇಗನೆ ಪಳಗುತ್ತದೆ. ನಮ್ಮಲ್ಲಿಯೂ ಪುಣೆಯ ಹಡಪ್ಸರದ ಗ್ಲೈಡಿಂಗ್ ಕೇಂದ್ರದಲ್ಲಿ ಅನೇಕರು ಈ ವಿದ್ಯೆಯ ಮೊದಲ ಪಾಠವನ್ನು ಕಲಿತರು.

ವಿಹಾರಕ್ಕೆಂದು ತೊಡಗಿದವನ ಮನಸ್ಸು ಮುಂದೆ ವೃತ್ತಿಯ ಕಡೆಗೆ ತಿರುಗಿದರೂ ಹಾರಿದ ಘಂಟೆಗಳು ವ್ಯರ್ಥವಲ್ಲ. ಭಾರತದಲ್ಲಿ ವಾಣಿಜ್ಯ ವೈಮಾನಿಕನಿಗೆ 200 ಘಂಟೆಗಳ ಅನುಭವ ಬೇಕು. ಖಾಸಗಿ ಪರವಾನಗಿಗಾಗಿ ವಿಮಾನದಲ್ಲಿ ಕಳೆದ 40 ಘಂಟೆಗಳನ್ನು ತನ್ನ ದಿನಚರಿಯ ಪುಸ್ತಕದಲ್ಲಿ ಒಪ್ಪವಾಗಿ ಬರೆದು ಶಿಕ್ಷಕನ ರುಜುವನ್ನು ಪಡೆದಿಟ್ಟುಕೊಂಡವನಿಗೆ ಉಳಿಯುವುದು 160.