ಅಂತರಗಂಗೆ ಎಷ್ಟು ಹಬ್ಬಿದೆ? ಗಾಳಿಪಟ ಹಾರಿಸಿ ಅಳೆಯಿರಿ

ನಮ್ಮೂರ ಕೆರೆಯ ಅಂತರಗಂಗೆ ತೆಗೆಸಲು ಎರಡು ವರ್ಷ ವಂತಿಗೆ ಎತ್ತಿದೆವು. ಎರಡು ಸಲವೂ ಜೆಸಿಬಿ ತಂದು ತೂಬಿನ ಹತ್ತಿರ ಬಾಚಿಸಿದ್ದಾಯ್ತು. ಮೂರೇ ತಿಂಗಳಲ್ಲಿ ಮತ್ತೆ ಹಸಿರು ಹಾಸು. ಮೂರನೇ ಸಲ ಕೇಳಿದಾಗ ಕೆಳಗದ್ದೆಯವರು "ಇನ್ನು ಒಂದು ಪೈಸೆ ಕೊಡೋದಿಲ್ಲ" ಅಂದುಬಿಟ್ಟರು. ತೂಬಿನ ಹತ್ತಿರವೇ ಬಾಚಬೇಕು ಅಂತ ಹಠ ಹಿಡಿದವರಲ್ಲಿ ನಾನೂ ಒಬ್ಬ. ನನ್ನ ತಪ್ಪು ಗೊತ್ತಾದದ್ದು ಮೇಲಿನಿಂದ ತೆಗೆದ ಚಿತ್ರ ನೋಡಿದ ಮೇಲೆ.

ನಾನು ಹೇಳುತ್ತಿರುವುದು ದಂಟು ಉಬ್ಬಿಕೊಂಡು ನೀಲಿ ಹೂ ಬಿಡುವ ಗಿಡ. ಎಲೆಕೋಸಿನಂತೆ ತೇಲುವ ಇನ್ನೊಂದಕ್ಕೂ ಇದೇ ಹೆಸರಿದೆ. ನೀಲಿ ಹೂವಿನದು ದಕ್ಷಿಣ ಅಮೆರಿಕ ಮೂಲದ್ದು. ಬಿಸಿಲು, ಗೊಬ್ಬರ ಬೆರೆತ ನೀರು ಸಿಕ್ಕರೆ ಎರಡು ವಾರಕ್ಕೆ ಇಮ್ಮಡಿಯಾಗಬಲ್ಲದು. ಲೆಕ್ಕ ಹಾಕಿ: ಇಂದು 10 ಗುಂಟೆ ಇದ್ದರೆ ಎಂಟು ವಾರಕ್ಕೆ 160 ಗುಂಟೆ, ಅಂದರೆ 4 ಎಕರೆ. ಏರಿ ಮೇಲೆ ನಿಂತವನಿಗೆ ಇದರ ಅಂದಾಜು ಸಿಗುವುದಿಲ್ಲ, ಎದುರಿನ ಅಂಚಷ್ಟೇ ಕಾಣುತ್ತದೆ.

2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಕಚ್ಚಾ ತೈಲ ಚೆಲ್ಲಿದಾಗ ಅಲ್ಲಿನ ಜನ ಬಲೂನು, ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಕರಾವಳಿಯ ಚಿತ್ರ ತೆಗೆದಿದ್ದರು. ನಾವೂ ಅದನ್ನೇ ಮಾಡಿದೆವು.

ಮಾಡುವ ಕ್ರಮ

ಐದಾರು ಅಡಿ ಅಗಲದ ಗಟ್ಟಿ ಪಟ ಬೇಕು, ಮಕ್ಕಳ ಕಾಗದದ ಪಟ ಸಾಲದು. ಪ್ಲಾಸ್ಟಿಕ್ ಬಾಟಲಿ ಕತ್ತರಿಸಿ, ಹಳೇ ಮೊಬೈಲನ್ನು ಕ್ಯಾಮೆರಾ ಕೆಳಮುಖವಾಗಿ ಅದರಲ್ಲಿ ಕೂರಿಸಿ. ಐದು ಸೆಕೆಂಡಿಗೊಮ್ಮೆ ತಾನಾಗಿ ಚಿತ್ರ ತೆಗೆಯುವಂತೆ ಇಡಿ. ಪಟದಿಂದ 15-20 ಮೀಟರ್ ಕೆಳಗೆ ದಾರಕ್ಕೆ ಕಟ್ಟಿದರೆ ಅಲುಗಾಟ ಕಡಿಮೆ. ಮೊದಲು ಅಷ್ಟೇ ತೂಕದ ಮರಳಿನ ಪೊಟ್ಟಣ ಕಟ್ಟಿ ಹಾರಿಸಿ ನೋಡಿ. ನಾವು ಅದನ್ನು ಮಾಡದೆ ಒಂದು ಮೊಬೈಲು ಕೆರೆ ಪಾಲಾಯಿತು. ಕೈಗೆ ಗ್ಲೌಸ್ ಇರಲಿ. ಮಾಂಜಾ ದಾರ ಬೇಡವೇ ಬೇಡ. ಕರೆಂಟು ತಂತಿ, ವಿಮಾನ ನಿಲ್ದಾಣದ ಹತ್ತಿರ ಹಾರಿಸಲೇಬಾರದು.

ಅಳೆಯುವುದು ಸುಲಭ. ದಡದ ಮೇಲೆ ಅಲ್ಲಲ್ಲಿ 10 ಮೀಟರ್ ಉದ್ದದ ಬಿಳಿ ಬಟ್ಟೆ ಹಾಸಿ. ಚಿತ್ರದಲ್ಲಿ ಆ ಬಟ್ಟೆ 1 ಸೆಂ.ಮೀ. ಬರುವಂತೆ ಪ್ರಿಂಟ್ ಹಾಕಿಸಿ, ಮೇಲೆ 1 ಸೆಂ.ಮೀ. ಚೌಕ ಗೆರೆ ಎಳೆಯಿರಿ. ಒಂದು ಚೌಕ ಅಂದರೆ 100 ಚದರ ಮೀಟರ್, ಹೆಚ್ಚುಕಡಿಮೆ ಒಂದು ಗುಂಟೆ. ಹಸಿರು ಚೌಕ ಎಣಿಸಿದರೆ ಆಯ್ತು. ಪಟದ ಎತ್ತರ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಬಟ್ಟೆ ಕಾಣದ ಚಿತ್ರ, ಓರೆಯಾಗಿ ಬಂದ ಚಿತ್ರ ಲೆಕ್ಕಕ್ಕೆ ಬೇಡ.

ಕಂಡದ್ದೇನು?

ಹದಿನೈದು ದಿನಕ್ಕೊಮ್ಮೆ ಚಿತ್ರ ತೆಗೆದೆವು. ಮೊದಲನೆಯದರಲ್ಲಿ ತೂಬಿನ ಬಳಿ ರಾಶಿ. ಎರಡನೆಯದರಲ್ಲಿ ಅದೇ ರಾಶಿ ಆಚೆ ದಡದಲ್ಲಿ! ಗಾಳಿ ತಳ್ಳಿದತ್ತ ಹೋಗುತ್ತಿತ್ತು. ಆದರೆ ಹಳ್ಳ ಬಂದು ಸೇರುವ ಮೂಲೆಯಲ್ಲಿ, ಜೊಂಡಿನ ಮರೆಯಲ್ಲಿ, ಒಂದು ಹಿಂಡು ಕದಲದೆ ಬೆಳೆಯುತ್ತಿತ್ತು. ಮೊದಲು 4 ಚೌಕ, ಆಮೇಲೆ 7. ಅಲ್ಲಿಂದ ತುಂಡುಗಳು ಬಿಡಿಸಿಕೊಂಡು ಹೊರಡುತ್ತಿದ್ದವು. ಎರಡು ವರ್ಷ ನಾವು ಬಾಚಿದ್ದು ಮರಿಗಳನ್ನು, ತಾಯಿ ಅಲ್ಲೇ ಇತ್ತು.

ಚಿತ್ರವನ್ನು ಹಾಲಿನ ಡೈರಿ ಗೋಡೆಗೆ ಅಂಟಿಸಿದೆವು. ಕೆಳಗದ್ದೆಯವರು ತಾವೇ ಚೌಕ ಎಣಿಸಿದರು. "ಇಷ್ಟೇನಾ? ಕೈಯಲ್ಲೇ ಕಿತ್ತರಾಯ್ತಲ್ಲ ಮಾರಾಯಾ" ಅಂದರು ಹಿರಿಯರೊಬ್ಬರು. ಎರಡು ಭಾನುವಾರದಲ್ಲಿ ಮೂಲೆ ಖಾಲಿಯಾಯಿತು. ಕಿತ್ತದ್ದನ್ನು ನೀರಿನಿಂದ ದೂರ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿದೆವು.

ಕೆಲಸ ಮುಗಿದಿಲ್ಲ. ಇದರ ಬೀಜ ಹೂಳಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಚಿತ್ರದಲ್ಲಿ ಇನ್ನೊಂದು ವಿಷಯವೂ ಕಂಡಿತು: ಆ ಹಳ್ಳಕ್ಕೆ ಬರುವ ಕಪ್ಪು ನೀರಿನಲ್ಲಿ ನಮ್ಮ ಕೊಟ್ಟಿಗೆಯದೂ ಒಂದು ಪಾಲು. ಈಗ ಅದನ್ನು ತೋಟಕ್ಕೆ ತಿರುಗಿಸಿದ್ದೇನೆ.

ನಿಮ್ಮೂರಲ್ಲೂ ಜೆಸಿಬಿಗೆ ಹೇಳುವ ಮೊದಲು ಎರಡು ಸಲ ಪಟ ಹಾರಿಸಿ ನೋಡಿ. ಏನು ಕಂಡಿತು ಅಂತ ಪತ್ರಿಕೆಗೆ ಬರೆಯಿರಿ.