ಸೊಂಟದ ಕೀಲು ಬದಲಿಸಲೇಬೇಕೆ?

ಪ್ರಶ್ನೆ: ನನಗೆ 64 ವರ್ಷ, ನಿವೃತ್ತ ಶಿಕ್ಷಕಿ. ಎರಡು ವರ್ಷದಿಂದ ಬಲ ತೊಡೆಸಂದಿನಲ್ಲಿ ನೋವು. ನೆಲದ ಮೇಲೆ ಕೂತು ಹೂ ಕಟ್ಟುವುದು ನಿಂತೇಹೋಗಿದೆ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುತ್ತಿದ್ದವಳು ಈಗ ಎರಡಕ್ಕೇ ಬೆಂಚು ಹುಡುಕುತ್ತೇನೆ. ವಾರಕ್ಕೆ ಒಂದೆರಡು ನೋವಿನ ಮಾತ್ರೆ ಬೇಕು, ನಿದ್ದೆಗೆ ತೊಂದರೆಯಿಲ್ಲ. ಜೆ.ಪಿ. ನಗರದ ಡಾಕ್ಟರೊಬ್ಬರು ಎಕ್ಸ್‌ರೇ ನೋಡಿ, ‘ಕೀಲು ಸವೆದಿದೆ, ಬದಲಿಸಲೇಬೇಕು, ಈ ತಿಂಗಳೊಳಗಾದರೆ ಪ್ಯಾಕೇಜ್ ಇದೆ’ ಎಂದರು. ಜಯನಗರದ ಇನ್ನೊಬ್ಬರು ‘ಸದ್ಯಕ್ಕೆ ಬೇಡ’ ಅಂದರು. ಇನ್ನು ನಾಲ್ಕು ತಿಂಗಳಿಗೆ ಮಗಳ ಹೆರಿಗೆ, ಬಾಣಂತನ ನಾನೇ ಮಾಡಬೇಕು. ಯಾರ ಮಾತು ಕೇಳಲಿ?
– ಓದುಗರು, ಬನಶಂಕರಿ 2ನೇ ಹಂತ

ಉತ್ತರ: ಈ ತೀರ್ಮಾನಕ್ಕೆ ಎಕ್ಸ್‌ರೇ ಅರ್ಧ ಸಾಕ್ಷಿ ಮಾತ್ರ. ಕೀಲು ಸವೆದಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ. ಚಿತ್ರದಲ್ಲಿ ಅಷ್ಟೇನೂ ಕಾಣದಿದ್ದರೂ ನರಳುವವರಿದ್ದಾರೆ. ಉಳಿದರ್ಧ ಸಾಕ್ಷಿ ನಿಮ್ಮ ದಿನಚರಿ. ನೋವು ರಾತ್ರಿ ಎಬ್ಬಿಸುತ್ತದೆಯೇ? ಕಾಲುಗುರು ಕತ್ತರಿಸಲು ಇನ್ನೊಬ್ಬರು ಬೇಕೇ? ಮಾತ್ರೆ ದಿನವೂ ಬೇಕೇ? ಮನೆಯಿಂದ ಹೊರಡುವುದೇ ಬೇಡ ಅನ್ನಿಸುತ್ತಿದೆಯೇ? ನಿಮ್ಮ ಪತ್ರ ನೋಡಿದರೆ ಆ ಹಂತ ಇನ್ನೂ ಬಂದಿಲ್ಲ. ಪ್ಯಾಕೇಜಿನ ಗಡುವು ಆಸ್ಪತ್ರೆಯದು, ಅದಕ್ಕಾಗಿ ನೀವು ಆತುರಪಡಬೇಕಿಲ್ಲ.

ಆದರೆ ಮೊದಲು ಒಂದು ಖಾತ್ರಿಯಾಗಬೇಕು. ಸೊಂಟದ ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಇರುತ್ತದೆ, ಕೆಲವೊಮ್ಮೆ ಮಂಡಿಗೂ ಇಳಿಯುತ್ತದೆ. ಪೃಷ್ಠದಿಂದ ಹೊರಟು ಪಾದದವರೆಗೆ ಜೋಮು ಹಿಡಿದರೆ ಬೆನ್ನುಮೂಳೆಯನ್ನು ಅನುಮಾನಿಸಬೇಕು. ಆಸ್ತಮಾಕ್ಕೋ ಚರ್ಮದ ಕಾಯಿಲೆಗೋ ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಅದರಿಂದ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ನಿಂತು, ಮೂಳೆ ಒಳಗೇ ಸಾಯುವುದುಂಟು. ಶುರುವಿನಲ್ಲಿ ಇದು ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣಬಹುದು. ಮೂಳೆ ಕುಸಿಯುವ ಮೊದಲು ಗೊತ್ತಾದರೆ ಕೀಲು ಉಳಿಸಿಕೊಳ್ಳುವ ದಾರಿಗಳಿವೆ, ಹಾಗಾಗಿ ಅಲ್ಲಿ ಕಾಯುವುದು ನಷ್ಟ. ಬಿದ್ದು ಮೂಳೆ ಮುರಿದರೆ ಕಾಯುವ ಪ್ರಶ್ನೆಯೇ ಇಲ್ಲ. ಜ್ವರದ ಜೊತೆ ಕೀಲು ನೋವು ಬಂದರೂ, ಇದ್ದಕ್ಕಿದ್ದಂತೆ ಕಾಲೂರಲು ಆಗದಿದ್ದರೂ ಅದೇ ದಿನ ತೋರಿಸಿ.

ಇವ್ಯಾವುವೂ ಅಲ್ಲ, ಬರೀ ಸವೆತ ಎಂದಾದರೆ ಮೂರು ತಿಂಗಳು ಕ್ರಮವಾಗಿ ಫಿಸಿಯೋಥೆರಪಿ ಮಾಡಿ. ಸೊಂಟದ ಸುತ್ತಲಿನ ಸ್ನಾಯು ಬಲಗೊಳಿಸುವ ವ್ಯಾಯಾಮ ಮುಖ್ಯ. ಊರುಗೋಲನ್ನು ಎಡಗೈಯಲ್ಲಿ ಹಿಡಿಯಿರಿ. ನೋವಿರುವ ಕಡೆಗೇ ಹಿಡಿದರೆ ಕೀಲಿನ ಮೇಲಿನ ಭಾರ ಇಳಿಯುವುದಿಲ್ಲ. ಎತ್ತರದ ಕುರ್ಚಿ, ವೆಸ್ಟರ್ನ್ ಕಮೋಡ್ ಬಳಸಿ. ತೂಕ ಹೆಚ್ಚಿದ್ದರೆ ಇಳಿಸಿ. ಬಿ.ಪಿ., ಕಿಡ್ನಿ ತೊಂದರೆ ಇದ್ದವರು ಮೆಡಿಕಲ್ ಶಾಪಿನಿಂದ ತಾವೇ ನೋವಿನ ಮಾತ್ರೆ ತಂದು ನುಂಗಬಾರದು.

ವ್ಯಾಯಾಮಕ್ಕೂ ಮಿತಿಯಿದೆ. ಕೀಲು ತೀವ್ರವಾಗಿ ಸವೆದ, 50 ದಾಟಿದ 109 ಮಂದಿಯ ಮೇಲೆ ಡೆನ್ಮಾರ್ಕಿನಲ್ಲಿ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆರು ತಿಂಗಳ ಕೊನೆಗೆ ಆಪರೇಷನ್ ಗುಂಪಿಗೇ ಹೆಚ್ಚು ಆರಾಮ ಸಿಕ್ಕಿತ್ತು. ವ್ಯಾಯಾಮದ ಗುಂಪಿನಲ್ಲಿ ಐವರಲ್ಲಿ ಒಬ್ಬರಷ್ಟು ಮಂದಿ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದವರು ಮಾಡಿಸಿಕೊಂಡಿರಲಿಲ್ಲ. ಅಂದರೆ ಕಾಯಲು ಅವಕಾಶವಿದೆ, ಆದರೆ ಹೆದರಿಕೆಯಿಂದ ವರ್ಷಗಟ್ಟಲೆ ಮುಂದೂಡಬೇಡಿ. ಸ್ನಾಯು ಸೊರಗಿದ ಮೇಲೆ ಚೇತರಿಕೆಯೂ ನಿಧಾನ. ಇಂದಿನ ಮಾದರಿಯ ಕೀಲನ್ನು ಇಂಗ್ಲೆಂಡಿನ ಜಾನ್ ಚಾರ್ನ್ಲಿ ರೂಪಿಸಿದ್ದು 1962ರ ಸುಮಾರಿಗೆ. ಅದೀಗ ಚೆನ್ನಾಗಿ ಪಳಗಿದ ಚಿಕಿತ್ಸೆ. 2019ರ ಒಂದು ದೊಡ್ಡ ಲೆಕ್ಕಾಚಾರದ ಪ್ರಕಾರ ಹಾಕಿದ ನೂರು ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಸೋಂಕು, ರಕ್ತ ಹೆಪ್ಪುಗಟ್ಟುವುದು, ಕೀಲು ಜಾರುವುದು ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಮೂರನೆಯ ಅಭಿಪ್ರಾಯ ಬೇಕೆನಿಸಿದರೆ ನಿಮಗೆ ಹತ್ತಿರವೇ, ಜಯನಗರದ ಬೈರಸಂದ್ರದಲ್ಲಿ, ಸರ್ಕಾರದ ಸಂಜಯ್ ಗಾಂಧಿ ಮೂಳೆ ಚಿಕಿತ್ಸಾ ಸಂಸ್ಥೆಯಿದೆ. ಯಾವ ಡಾಕ್ಟರಾದರೂ ಸರಿ, ‘ಆರು ತಿಂಗಳು ಕಾದರೆ ನನಗೇನು ನಷ್ಟ?’ ಎಂದು ಕೇಳಿ. ಸ್ಪಷ್ಟ ಕಾರಣ ಕೊಟ್ಟರೆ ಕೇಳಬೇಕಾದ ಮಾತು, ‘ಇನ್ನೂ ಹಾಳಾಗುತ್ತೆ’ ಎಂದಷ್ಟೇ ಅಂದರೆ ಸಾಲದು. ಹಾಕುವ ಕೀಲಿನ ಕಂಪನಿ, ಮಾದರಿ ಯಾವುದೆಂದೂ ಕೇಳಿ. 2010ರಲ್ಲಿ ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ತನ್ನ ಲೋಹದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ನಮ್ಮ ದೇಶದಲ್ಲೂ ಅದನ್ನು ಹಾಕಿಸಿಕೊಂಡವರಿದ್ದರು. ಅಂಥ ಹೊತ್ತಿನಲ್ಲಿ ಕೈಯಲ್ಲಿ ದಾಖಲೆ ಇರಬೇಕು.

ಇನ್ನು ಬಾಣಂತನ. ಅಡುಗೆ, ಪಥ್ಯ, ಮಗು ಎತ್ತಿಕೊಳ್ಳುವುದು ನಿಮ್ಮಿಂದಾಗುತ್ತದೆ. ಮಣೆ ಮೇಲೆ ಕೂತು ಕಾಲು ಚಾಚಿ ಮಗುವಿಗೆ ನೀರು ಹಾಕುವುದು ಮಾತ್ರ ಬೇಡ. ಹಳೇ ಕೀಲಿಗೂ ಅದು ಕಷ್ಟ, ಹೊಸದಕ್ಕೂ ಅಪಾಯ. ನೀರು ಹಾಕುವವರನ್ನು ಈಗಲೇ ಗೊತ್ತುಮಾಡಿಕೊಳ್ಳಿ. ಮೂರು ತಿಂಗಳ ವ್ಯಾಯಾಮದ ನಂತರವೂ ನೋವು ನಿದ್ದೆ ಕೆಡಿಸಿದರೆ, ಮಾತ್ರೆ ದಿನನಿತ್ಯದ್ದಾದರೆ, ಬಾಣಂತನ ಮುಗಿಸಿಕೊಂಡು ತಾರೀಖು ಗೊತ್ತುಮಾಡಿ. ಆಗ ಮಗಳು ನಿಮ್ಮನ್ನು ನೋಡಿಕೊಳ್ಳಲಿ.